ಸುತ್ತಿಗೆಯ ಪೆಟ್ಟು, ಗಾಣದ ಸುತ್ತು: ಡಾಂಬರಿನ ಹದ ಕಂಡುಕೊಳ್ಳುವ ಬಗೆಗಳು

ನೂರು ಕಿಲೋ ಡಾಂಬರು ಮಿಶ್ರಣ ತೂಗಿದರೆ ಅದರಲ್ಲಿ ಹೆಚ್ಚುಕಡಿಮೆ 95 ಕಿಲೋ ಕಲ್ಲೇ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಕಲ್ಲುಪುಡಿ, ಹಿಟ್ಟಿನಷ್ಟು ನುಣುಪಾದ ಫಿಲ್ಲರ್. ಉಳಿದ ಐದು ಕಿಲೋ ಬಿಟುಮೆನ್. ಆ ಐದು ನಾಲ್ಕೂವರೆ ಆಗಬೇಕೇ, ಐದೂವರೆ ಆಗಬೇಕೇ ಎಂಬ ಒಂದೇ ಪ್ರಶ್ನೆಗೆ ಎಂಜಿನಿಯರುಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅರ್ಧ ಕಿಲೋ ಕಡಿಮೆ ಬಿದ್ದರೆ ಮಿಶ್ರಣ ಒಣಗಲಾಗಿ ಜಲ್ಲಿ ಕಿತ್ತು ಬರುತ್ತದೆ, ಬಿರುಕು ಬೇಗ ಕಾಣಿಸಿಕೊಳ್ಳುತ್ತದೆ. ಅರ್ಧ ಕಿಲೋ ಹೆಚ್ಚಾದರೆ ಬಿಸಿಲಿಗೆ ಬಿಟುಮೆನ್ ಮೇಲಕ್ಕೆ ಬಂದು ರಸ್ತೆ ಮಿರಮಿರ ಮಿಂಚುತ್ತದೆ, ಲಾರಿ ಚಕ್ರ ಹೋದ ಜಾಗ ತಗ್ಗು ಬಿದ್ದು ಜಾಡಾಗುತ್ತದೆ.

(ಬಾಯಿಮಾತಿನಲ್ಲಿ ಎಲ್ಲಕ್ಕೂ ಡಾಂಬರು ಎನ್ನುತ್ತೇವೆ. ಹಳೆಯ ಕಾಲದ ಟಾರು ಕಲ್ಲಿದ್ದಲಿನಿಂದ ಬರುತ್ತಿತ್ತು. ಈಗ ರಸ್ತೆಗೆ ಸುರಿಯುವುದು ಕಚ್ಚಾ ತೈಲದ ತಳದಲ್ಲಿ ಉಳಿಯುವ ಬಿಟುಮೆನ್. ಇಲ್ಲಿ ಅಂಟಿಗೆ ಬಿಟುಮೆನ್ ಎಂದೂ, ಕಲ್ಲು ಕೂಡಿದ್ದಕ್ಕೆ ಮಿಶ್ರಣ ಎಂದೂ ಬರೆಯುತ್ತೇನೆ.)

ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳಲ್ಲಿ ಮೂರು ಹೆಸರುವಾಸಿ: ಹ್ವೀಮ್, ಮಾರ್ಷಲ್, ಸೂಪರ್‌ಪೇವ್. ಪಠ್ಯಪುಸ್ತಕಗಳು ಇವನ್ನು ಮೂರು ಬೇರೆಬೇರೆ ಸಿದ್ಧಾಂತಗಳೆಂಬಂತೆ ಪಟ್ಟಿ ಹಾಕಿ ಹೋಲಿಸುತ್ತವೆ. ನನ್ನ ಪ್ರಕಾರ ಅದು ವಿದ್ಯಾರ್ಥಿಯ ದಾರಿ ತಪ್ಪಿಸುತ್ತದೆ. ಮೂರೂ ವಿಧಾನಗಳು ಕೊನೆಗೆ ಅಳೆಯುವುದು ಬಹುಪಾಲು ಒಂದನ್ನೇ: ಪ್ರಯೋಗಾಲಯದಲ್ಲಿ ಮಿಶ್ರಣವನ್ನು ಅಚ್ಚಿಗೆ ಹಾಕಿ ಕುಟ್ಟಿ ಮಾಡಿದ ಬಿಲ್ಲೆಯೊಳಗೆ ಎಷ್ಟು ಗಾಳಿ ಉಳಿದಿದೆ ಎಂಬುದನ್ನು. ನಿಜವಾದ ಜಗಳ ಇರುವುದು ಆ ಬಿಲ್ಲೆಯನ್ನು ಹೇಗೆ, ಎಷ್ಟು ಕುಟ್ಟಬೇಕು ಎನ್ನುವುದರಲ್ಲಿ.

ಗಾಳಿ ಯಾಕೆ ಬೇಕು ಎಂಬುದರಿಂದ ಶುರು ಮಾಡೋಣ. ಕಲ್ಲುಗಳು ಎಷ್ಟೇ ಒತ್ತಾಗಿ ಕೂತರೂ ನಡುವೆ ಸಂದಿ ಉಳಿಯುತ್ತದೆ. ಆ ಸಂದಿಯನ್ನು ಪೂರ್ತಿ ಬಿಟುಮೆನ್‌ನಿಂದ ತುಂಬಿಬಿಟ್ಟರೆ ಬಿಸಿಲಿಗೆ ಅದು ಹಿಗ್ಗಿದಾಗ ಜಾಗವಿಲ್ಲ, ಮೇಲಿನಿಂದ ಲಾರಿ ಒತ್ತಿದಾಗಲೂ ಜಾಗವಿಲ್ಲ. ಆಗ ಭಾರವನ್ನು ಕಲ್ಲಿನ ಬದಲು ದ್ರವ ಹೊರುತ್ತದೆ; ದ್ರವ ಭಾರ ಹೊತ್ತರೆ ಪಕ್ಕಕ್ಕೆ ಹರಿಯದೆ ವಿಧಿಯಿಲ್ಲ. ಗಾಳಿ ತೀರಾ ಹೆಚ್ಚಾದರೆ ಇನ್ನೊಂದು ತಾಪತ್ರಯ. ಸುಮಾರು 8 ಶೇಕಡಾ ದಾಟಿದ ಮೇಲೆ ಗಾಳಿಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ನೀರು ಇಳಿಯುವ ದಾರಿಯಾಗುತ್ತವೆ, ಒಳಹೊಕ್ಕ ಗಾಳಿ ಬಿಟುಮೆನ್ನನ್ನು ಬೇಗ ಮುದಿಯಾಗಿಸಿ ಪೆಡಸು ಮಾಡುತ್ತದೆ. ಹಾಗಾಗಿ ಪ್ರಯೋಗಾಲಯದ ಬಿಲ್ಲೆಯಲ್ಲಿ 3ರಿಂದ 5 ಶೇಕಡಾ ಗಾಳಿ ಇರಲಿ, ಗುರಿ 4 ಇರಲಿ ಎಂಬುದು ರೂಢಿ. ಆರಕ್ಕೇರಬಾರದು, ಮೂರಕ್ಕಿಳಿಯಬಾರದು ಎಂಬ ಮಾತನ್ನು ಅಕ್ಷರಶಃ ಪಾಲಿಸುವ ಶಾಸ್ತ್ರ ಇದೊಂದೇ ಇರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ರೋಲರ್ ಓಡಿಸಿ ಕೆಲಸ ಮುಗಿಸಿದ ದಿನ ರಸ್ತೆಯಲ್ಲಿ 4 ಶೇಕಡಾ ಗಾಳಿ ಇರುವುದಿಲ್ಲ. ಸಾಮಾನ್ಯವಾಗಿ 7-8 ಇರುತ್ತದೆ. ಆಮೇಲಿನ ಎರಡು ಮೂರು ಬೇಸಿಗೆಗಳಲ್ಲಿ ವಾಹನಗಳೇ ಅದನ್ನು ತುಳಿದು ತುಳಿದು 4ರ ಹತ್ತಿರಕ್ಕೆ ತರುತ್ತವೆ. ಅಂದರೆ ಪ್ರಯೋಗಾಲಯದ ಬಿಲ್ಲೆ ಇವತ್ತಿನ ರಸ್ತೆಯ ನಕಲು ಎಂದುಕೊಂಡರೆ ತಪ್ಪು. ಅದು ಲಾರಿಗಳು ಕೆಲವು ವರ್ಷ ಓಡಾಡಿದ ಮೇಲಿನ ರಸ್ತೆಯ ನಕಲು. ಆ ಕೆಲವು ವರ್ಷಗಳ ತುಳಿತವನ್ನು ಕೆಲವು ನಿಮಿಷಗಳಲ್ಲಿ ಹೇಗೆ ಮಾಡಿ ತೋರಿಸುತ್ತೀರಿ? ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು.

ಮೊದಲು ಫ್ರಾನ್ಸಿಸ್ ಹ್ವೀಮ್. 1920ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಸೈಟ್ ಎಂಜಿನಿಯರ್. ಆಗ ಜಲ್ಲಿಗೆ ಎಣ್ಣೆ ಕಲಸಿ ರಸ್ತೆ ಮಾಡುತ್ತಿದ್ದರು, ಎಷ್ಟು ಎಣ್ಣೆ ಎಂಬುದು ಮೇಸ್ತ್ರಿಯ ಕಣ್ಣಳತೆ. ಹ್ವೀಮ್ ಗಮನಿಸಿದ್ದು ಇಷ್ಟು: ಜಲ್ಲಿ ಸಣ್ಣದಾದಷ್ಟೂ ಎಣ್ಣೆ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಎಣ್ಣೆ ಬಳಿಯಬೇಕಾಗಿರುವುದು ಕಲ್ಲಿನ ಮೈಗೆ. ಅವನ ಹೆಸರಿನ ವಿಧಾನದಲ್ಲಿ ಬಳಸುವ ಗುಣಕಗಳ ಪ್ರಕಾರ ಒಂದು ಕಿಲೋ ದಪ್ಪ ಜಲ್ಲಿಯ ಮೈ 0.41 ಚದರ ಮೀಟರ್, 0.075 ಮಿಲಿಮೀಟರ್ ಜರಡಿಯಲ್ಲಿ ಇಳಿಯುವ ಪುಡಿಗೆ ಬಂದರೆ ಅದೇ ಒಂದು ಕಿಲೋಗೆ 32.77 ಚದರ ಮೀಟರ್. ಪುಡಿ ಸ್ವಲ್ಪ ಹೆಚ್ಚಾದರೆ ಇಡೀ ಲೆಕ್ಕ ತಲೆಕೆಳಗಾಗುವುದು ಯಾಕೆಂದು ಈ ಎರಡು ಅಂಕಿಗಳೇ ಹೇಳುತ್ತವೆ.

ಮೈಗೆ ಬಳಿಯುವುದಷ್ಟೇ ಸಾಲದು, ಕಲ್ಲು ಕುಡಿಯುವುದನ್ನೂ ಲೆಕ್ಕ ಹಿಡಿಯಬೇಕು. ಅದಕ್ಕೆ ಸಣ್ಣ ಜಲ್ಲಿಯನ್ನು ಕೆರೋಸಿನ್‌ನಲ್ಲಿ ನೆನೆಸಿ, ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ, ಎಷ್ಟು ಉಳಿಯಿತು ಎಂದು ತೂಗುವ ಪರೀಕ್ಷೆ ಬಂತು. ಇದರಿಂದ ಸಿಗುವುದು ಒಂದು ಅಂದಾಜು ಮಾತ್ರ. ಆಮೇಲೆ ಬಿಲ್ಲೆ ಮಾಡಿ ಸ್ಟೆಬಿಲೋಮೀಟರ್ ಎಂಬ ಉಪಕರಣಕ್ಕೆ ಹಾಕುತ್ತಾರೆ. ಬಿಲ್ಲೆಯ ಸುತ್ತ ರಬ್ಬರ್ ಪೊರೆ, ಅದರ ಹಿಂದೆ ದ್ರವ. ಮೇಲಿಂದ ಒತ್ತಿದಾಗ ಪಕ್ಕಕ್ಕೆ ಎಷ್ಟು ಒತ್ತಡ ಹೋಗುತ್ತದೆ ಎಂದು ನೋಡುತ್ತಾರೆ. ನೀರನ್ನು ಒತ್ತಿದರೆ ಒತ್ತಡ ಪೂರ್ತಿ ಪಕ್ಕಕ್ಕೆ ಹೋಗುತ್ತದೆ, ಆದ್ದರಿಂದ ದ್ರವಕ್ಕೆ ಅಂಕ ಸೊನ್ನೆ. ಭಾರೀ ಸಂಚಾರದ ರಸ್ತೆಗೆ ಕನಿಷ್ಠ 37 ಬೇಕು. ಬಿಲ್ಲೆ ಮಾಡುವ ರೀತಿಯೂ ಸೊಗಸು: ಬಿಲ್ಲೆಯ ಮುಖದ ಒಂದು ಭಾಗವನ್ನಷ್ಟೇ ಮುಚ್ಚುವ ಪಾದವೊಂದು ಒತ್ತಿ, ಎದ್ದು, ಅಚ್ಚು ಸ್ವಲ್ಪ ತಿರುಗಿದ ಮೇಲೆ ಮತ್ತೆ ಒತ್ತುತ್ತದೆ. ಹಿಟ್ಟು ನಾದಿದಂತೆ. ಕಲ್ಲುಗಳಿಗೆ ಪಕ್ಕಕ್ಕೆ ಸರಿದು ತಮ್ಮ ಜಾಗ ಹುಡುಕಿಕೊಳ್ಳಲು ಅವಕಾಶ ಸಿಗುತ್ತದೆ, ರೋಲರಿನ ಕೆಳಗೆ ಆಗುವುದೂ ಅದೇ.

ಹ್ವೀಮ್‌ನ ಧೋರಣೆಯನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಮಿಶ್ರಣ ಜಾರದೆ ನಿಲ್ಲುವವರೆಗೆ ಎಷ್ಟು ಬಿಟುಮೆನ್ ಹಿಡಿಸುತ್ತದೋ ಅಷ್ಟನ್ನೂ ಹಾಕು, ಪೊರೆ ದಪ್ಪವಿದ್ದಷ್ಟೂ ರಸ್ತೆಯ ಆಯುಸ್ಸು ಹೆಚ್ಚು. ವಿಚಾರದಲ್ಲಿ ಇದು ಮೂರರಲ್ಲಿ ಅತ್ಯಂತ ಚೊಕ್ಕ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಯಂತ್ರಗಳು ದುಬಾರಿ, ದೊಡ್ಡವು. ಅಮೆರಿಕದ ಪಶ್ಚಿಮದ ರಾಜ್ಯಗಳನ್ನು ಬಿಟ್ಟು ಹೆಚ್ಚು ಹಬ್ಬಲಿಲ್ಲ.

ಜಗತ್ತಿಗೆಲ್ಲ ಹಬ್ಬಿದ್ದು ಮಾರ್ಷಲ್. ಮಿಸಿಸಿಪಿಯ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ 1939ರ ಸುಮಾರಿಗೆ ಇದರ ಮೂಲ ರೂಪ ಕೊಟ್ಟ. ಅಷ್ಟರಲ್ಲಿ ಯುದ್ಧ ಬಂತು. ವಿಮಾನಗಳ ಭಾರ, ಟೈರಿನ ಒತ್ತಡ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಎಲ್ಲೆಲ್ಲೋ ರಾತ್ರೋರಾತ್ರಿ ರನ್‌ವೇ ಮಾಡಬೇಕಿತ್ತು. ಅಮೆರಿಕದ ಸೇನಾ ಎಂಜಿನಿಯರುಗಳಿಗೆ ಬೇಕಾಗಿದ್ದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬಹುದಾದ ಸಲಕರಣೆ. ವಿಕ್ಸ್‌ಬರ್ಗ್‌ನ ಅವರ ಪ್ರಯೋಗ ಕೇಂದ್ರದಲ್ಲಿ ಪರೀಕ್ಷಾ ಹಾದಿಗಳನ್ನು ಹಾಸಿ, ಅವುಗಳ ಮೇಲೆ ಚಕ್ರ ಓಡಿಸಿ, ಅಷ್ಟೇ ಸಾಂದ್ರತೆ ಬರಲು ಸುತ್ತಿಗೆಯಿಂದ ಎಷ್ಟು ಪೆಟ್ಟು ಕೊಡಬೇಕು ಎಂದು ಹೊಂದಿಸಿದರು. ಸುತ್ತಿಗೆಯ ತೂಕ 4.54 ಕಿಲೋ, ಬೀಳುವ ಎತ್ತರ 457 ಮಿಲಿಮೀಟರ್, ಅಚ್ಚಿನ ವ್ಯಾಸ 101.6, ಬಿಲ್ಲೆಯ ಎತ್ತರ 63.5. ಹತ್ತು ಪೌಂಡು, ಹದಿನೆಂಟು ಇಂಚು, ನಾಲ್ಕು ಇಂಚು, ಎರಡೂವರೆ ಇಂಚು ಎಂದು ಓದಿಕೊಂಡರೆ ಈ ವಕ್ರ ಅಂಕಿಗಳ ಗುಟ್ಟು ಬಯಲಾಗುತ್ತದೆ. ಹಗುರ ಸಂಚಾರಕ್ಕೆ ಒಂದೊಂದು ಬದಿಗೆ 35 ಪೆಟ್ಟು, ಮಧ್ಯಮಕ್ಕೆ 50, ಭಾರೀ ಸಂಚಾರಕ್ಕೆ 75.

ಒಂದು ಡಿಸೈನಿಗೆ ಐದು ಬಿಟುಮೆನ್ ಪ್ರಮಾಣ, ಅರ್ಧರ್ಧ ಶೇಕಡಾ ಅಂತರದಲ್ಲಿ. ಪ್ರತಿಯೊಂದಕ್ಕೂ ಮೂರು ಬಿಲ್ಲೆ. ಹದಿನೈದು ಬಿಲ್ಲೆ, ಎರಡೂ ಬದಿ ಸೇರಿ ತಲಾ 150 ಪೆಟ್ಟು, ಒಟ್ಟು 2,250. ಕೈಸುತ್ತಿಗೆಯಲ್ಲಿ ಇದನ್ನು ಮಾಡಿದವರಿಗೆ ಗೊತ್ತು, ಹತ್ತನೆಯ ಬಿಲ್ಲೆಯ ಹೊತ್ತಿಗೆ ಸುತ್ತಿಗೆ ನೆಟ್ಟಗೆ ನಿಲ್ಲುವುದಿಲ್ಲ, ಪೂರ್ತಿ ಎತ್ತರಕ್ಕೂ ಏಳುವುದಿಲ್ಲ. ತೋಳಿನ ದಣಿವು ನೇರವಾಗಿ ಗಾಳಿಯ ಶೇಕಡಾವಾರಿನಲ್ಲಿ ಕಾಣಿಸಿಕೊಳ್ಳುತ್ತದೆ.

ಆಮೇಲೆ ಬಿಲ್ಲೆಯನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಎರಡು ಅರ್ಧಚಂದ್ರಾಕಾರದ ದವಡೆಗಳ ನಡುವೆ ಮಲಗಿಸಿ, ನಿಮಿಷಕ್ಕೆ 50.8 ಮಿಲಿಮೀಟರ್ ವೇಗದಲ್ಲಿ ಹಿಸುಕುತ್ತಾರೆ. ಮುರಿಯುವ ಮುನ್ನ ತಾಳಿದ ಗರಿಷ್ಠ ಭಾರ ಸ್ಟೆಬಿಲಿಟಿ, ಅಷ್ಟರೊಳಗೆ ಅಮುಕಿಕೊಂಡ ಅಳತೆ ಫ್ಲೋ. ಜಾಗತಿಕವಾಗಿ ಬಳಕೆಯಲ್ಲಿರುವ ಒಂದು ಕೈಪಿಡಿಯಂತೆ ಭಾರೀ ಸಂಚಾರಕ್ಕೆ ಸ್ಟೆಬಿಲಿಟಿ ಕನಿಷ್ಠ ಸುಮಾರು 8 ಕಿಲೋನ್ಯೂಟನ್, ಫ್ಲೋ 2ರಿಂದ 3.5 ಮಿಲಿಮೀಟರ್. ಹೊಸಬರು ಸ್ಟೆಬಿಲಿಟಿಗೆ ಮರುಳಾಗುತ್ತಾರೆ. 8 ಬೇಕಿದ್ದ ಕಡೆ 16 ಬಂತು ಎಂದರೆ ರಸ್ತೆ ಎರಡು ಪಟ್ಟು ಗಟ್ಟಿ ಎಂದುಕೊಳ್ಳುತ್ತಾರೆ. ಗಟ್ಟಿ ಬಿಟುಮೆನ್ ಹಾಕಿದರೂ, ಪುಡಿ ಹೆಚ್ಚು ಹಾಕಿದರೂ ಆ ಅಂಕಿ ಏರುತ್ತದೆ. ಅದೇ ಮಿಶ್ರಣ ಚಳಿಗೆ ಬಿರಿಯುವ ಸ್ವಭಾವದ್ದಾಗಿರಬಹುದು. ಚಕ್ರದ ಜಾಡಿಗೂ ಈ ಅಂಕಿಗೂ ಇರುವ ನಂಟು ಸಡಿಲ.

ಮಾರ್ಷಲ್‌ನ ನಿಜವಾದ ತಿರುಳು ಇರುವುದು ತಕ್ಕಡಿಯಲ್ಲಿ. ಒಂದು ಬಿಲ್ಲೆಯನ್ನೇ ಹಿಡಿದು ನೋಡೋಣ. ಒಣಗಿದ್ದಾಗ ತೂಕ 1,200 ಗ್ರಾಂ. ನೀರಿನೊಳಗೆ ನೇತು ಹಾಕಿ ತೂಗಿದರೆ 690. ಹೊರತೆಗೆದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ತೂಗಿದರೆ 1,203. ಕೊನೆಯ ಎರಡರ ವ್ಯತ್ಯಾಸ 513, ಅದೇ ಘನ ಸೆಂಟಿಮೀಟರಿನಲ್ಲಿ ಬಿಲ್ಲೆಯ ಗಾತ್ರ. 1,200ನ್ನು 513ರಿಂದ ಭಾಗಿಸಿದರೆ ಸಾಂದ್ರತೆ 2.339. ಅದೇ ಮಿಶ್ರಣವನ್ನು ಬಿಡಿಬಿಡಿಯಾಗಿ ಉದುರಿಸಿ, ನಿರ್ವಾತದಲ್ಲಿ ಗಾಳಿಯನ್ನೆಲ್ಲ ಎಳೆದು ಅಳೆದಾಗ 2.440 ಬಂತು ಎಂದುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ ಬರಬೇಕಾದ ಸಾಂದ್ರತೆ ಇದು. ಎರಡರ ನಡುವಿನ ಕೊರತೆ 4.1 ಶೇಕಡಾ. ಗಾಳಿ ಸಿಕ್ಕಿತು.

ಈಗ ಕಲ್ಲುಗಳ ನಡುವಿನ ಒಟ್ಟು ಸಂದಿ, ಲ್ಯಾಬಿನ ಮಾತಿನಲ್ಲಿ ವಿಎಂಎ. ಬಿಟುಮೆನ್ 5 ಶೇಕಡಾ, ಅಂದರೆ ಕಲ್ಲು 95. ಕಲ್ಲಿನ ಸಾಂದ್ರತೆ 2.610 ಆದರೆ ಬಿಲ್ಲೆಯ ಗಾತ್ರದಲ್ಲಿ ಕಲ್ಲು ಹಿಡಿದ ಪಾಲು 2.339 ಗುಣಿಸು 95, ಭಾಗಿಸು 2.610; ಬರುವುದು 85.1. ಉಳಿದ 14.9 ಶೇಕಡಾ ಸಂದಿ. ಅದರಲ್ಲಿ 4.1 ಗಾಳಿ, ಮಿಕ್ಕ 10.8ರಷ್ಟು ಜಾಗದಲ್ಲಿ ಬಿಟುಮೆನ್. ಸಂದಿಯ ಶೇಕಡಾ 72 ಭಾಗ ತುಂಬಿದೆ. ಭಾರೀ ಸಂಚಾರಕ್ಕೆ ಇದು 65ರಿಂದ 75ರೊಳಗೆ ಇರಬೇಕು. ಜಲ್ಲಿಯ ಹೆಸರಿಸಿದ ಗರಿಷ್ಠ ಅಳತೆ 12.5 ಮಿಲಿಮೀಟರ್ ಆದರೆ ಒಟ್ಟು ಸಂದಿ 14ಕ್ಕಿಂತ ಕಡಿಮೆ ಇರಬಾರದು. ಮಿಶ್ರಣ ಪಾಸು.

ಮೋಸ ನಡೆಯುವುದೂ ಇಲ್ಲಿಯೇ. ಕಲ್ಲಿನ ಸಾಂದ್ರತೆಯನ್ನು 2.610 ಎನ್ನುವ ಬದಲು 2.650 ಎಂದು ಬರೆಯಿರಿ. ಸಂದಿ 16.1ಕ್ಕೆ ಏರುತ್ತದೆ. ಬಿಲ್ಲೆ ಅದೇ, ತೂಕ ಅದೇ, ಬದಲಾಗಿದ್ದು ದಶಾಂಶದ ಎರಡನೆಯ ಅಂಕಿ. ಕಲ್ಲಿನ ಮೈಮೇಲಿನ ರಂಧ್ರಗಳನ್ನೂ ಸೇರಿಸಿ ಅಳೆದ ಸಾಂದ್ರತೆ ಹಾಕಬೇಕಾದ ಕಡೆ ಅವುಗಳನ್ನು ಬಿಟ್ಟು ಅಳೆದದ್ದನ್ನು ಹಾಕಿದರೆ ಸಾಕು, ಸಂದಿ ಸಾಲದ ಮಿಶ್ರಣ ಕಾಗದದ ಮೇಲೆ ಧಾರಾಳವಾಗಿ ಪಾಸಾಗುತ್ತದೆ. ಕ್ವಾರಿ ಬದಲಾದ ಮೇಲೂ ಹಳೆಯ ಅಂಕಿಯನ್ನೇ ಮುಂದುವರಿಸಿದ ವರದಿಗಳನ್ನು ನಾನು ನೋಡಿದ್ದೇನೆ. ಪತ್ತೆ ಮಾಡುವುದು ಸುಲಭ: 2.440ರಿಂದ ಬಿಟುಮೆನ್‌ನ ಪಾಲು ಕಳೆದು ಕಲ್ಲಿನ ಸಾಂದ್ರತೆಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ 2.629 ಬರುತ್ತದೆ. ಬರೆದುಕೊಟ್ಟ ಅಂಕಿ ಅದಕ್ಕಿಂತ ಹೆಚ್ಚಿರಲು ಸಾಧ್ಯವೇ ಇಲ್ಲ. 2.650 ಎಂದು ಬರೆದವರು ಸಿಕ್ಕಿಬಿದ್ದಂತೆ.

ಮಾರ್ಷಲ್‌ನ ದೊಡ್ಡ ಕೊರತೆ ಸುತ್ತಿಗೆಯದು. ರೋಲರೂ ಟೈರೂ ಒತ್ತುತ್ತ, ಉಜ್ಜುತ್ತ ಹೋಗುತ್ತವೆ. ಸುತ್ತಿಗೆ ನೆತ್ತಿಯ ಮೇಲೆ ಹೊಡೆಯುತ್ತದೆ. ಕಲ್ಲು ಹೊರಳಿ ಕೂರುವ ಬದಲು ಕೆಲವೊಮ್ಮೆ ಒಡೆದೇ ಹೋಗುತ್ತದೆ. ನಾಲ್ಕು ಇಂಚಿನ ಅಚ್ಚಿಗೆ 25 ಮಿಲಿಮೀಟರ್‌ಗಿಂತ ದಪ್ಪ ಜಲ್ಲಿ ಹಿಡಿಸುವುದಿಲ್ಲ. ಅದಕ್ಕಾಗಿ ಆರು ಇಂಚಿನ ಅಚ್ಚು, 10.2 ಕಿಲೋ ಸುತ್ತಿಗೆ, 112 ಪೆಟ್ಟಿನ ದೊಡ್ಡಣ್ಣನೊಬ್ಬ ಆಮೇಲೆ ಬಂದ. ಇಷ್ಟೆಲ್ಲ ಇದ್ದರೂ ಅಗ್ಗ, ಕಲಿಯುವುದು ಸುಲಭ, ಒಂದು ಕೋಣೆಯಲ್ಲಿ ಎಲ್ಲ ಹಿಡಿಸುತ್ತದೆ. ಹಾಗಾಗಿ ಇವತ್ತಿಗೂ ಬಹಳಷ್ಟು ದೇಶಗಳಲ್ಲಿ ಡಿಸೈನ್ ಎಂದರೆ ಮಾರ್ಷಲ್ಲೇ.

1980ರ ದಶಕದಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಜಾಡು ಬೀಳುವುದು ಮಿತಿಮೀರಿತು. ಲಾರಿಗಳ ಭಾರವೂ ಟೈರಿನ ಒತ್ತಡವೂ ಏರಿದ್ದವು. 1987ರಲ್ಲಿ ಐದು ವರ್ಷಕ್ಕೆ 15 ಕೋಟಿ ಡಾಲರಿನ ಸಂಶೋಧನಾ ಯೋಜನೆ ಶುರುವಾಯಿತು, ಅದರಲ್ಲಿ ಸುಮಾರು 5 ಕೋಟಿ ಡಾಂಬರಿಗೇ ಮೀಸಲು. ಅದರ ಫಲ ಸೂಪರ್‌ಪೇವ್. ಇದರಲ್ಲಿ ಎರಡು ಬೇರೆಬೇರೆ ಹೊಸತನಗಳಿವೆ, ಜನ ಅವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ಬಿಟುಮೆನ್‌ಗೆ ದರ್ಜೆ ಕೊಡುವ ರೀತಿ. ಹಿಂದೆ 25 ಡಿಗ್ರಿಯಲ್ಲಿ 100 ಗ್ರಾಂ ಭಾರದ ಸೂಜಿಯನ್ನು ಐದು ಸೆಕೆಂಡು ಬಿಟ್ಟು, ಎಷ್ಟು ಇಳಿಯಿತು ನೋಡಿ ಗಟ್ಟಿ, ಮೆದು ಎನ್ನುತ್ತಿದ್ದರು. 25 ಡಿಗ್ರಿಯಲ್ಲಿ ಒಂದೇ ಥರ ಇರುವ ಎರಡು ಬಿಟುಮೆನ್ 60 ಡಿಗ್ರಿಯಲ್ಲಿ ಅಜಗಜಾಂತರ ತೋರಿಸಬಹುದು. ಹೊಸ ಕ್ರಮದಲ್ಲಿ ಪಿಜಿ (ಪರ್ಫಾರ್ಮೆನ್ಸ್ ಗ್ರೇಡ್) 64-22 ಎಂದರೆ ರಸ್ತೆಯ ಮೈ ಏಳು ದಿನದ ಸರಾಸರಿಯಲ್ಲಿ 64 ಡಿಗ್ರಿವರೆಗೆ ಕಾದರೂ, ಸೊನ್ನೆಗಿಂತ 22 ಡಿಗ್ರಿ ಕೆಳಗಿಳಿದರೂ ತಡೆಯುತ್ತದೆ ಎಂದರ್ಥ. ಪರೀಕ್ಷೆಯೂ ಆಯಾ ಉಷ್ಣತೆಯ ಲೆಕ್ಕ ಹಿಡಿದೇ ನಡೆಯುತ್ತದೆ. ಇದು ನಿರ್ವಿವಾದವಾಗಿ ಮುಂದಿನ ಹೆಜ್ಜೆ. ಮಾರ್ಷಲ್ ಬಳಸುವವರೂ ಈ ದರ್ಜೆಯ ಬಿಟುಮೆನ್ ಕೇಳಬಹುದು, ಯಾವ ಅಡ್ಡಿಯೂ ಇಲ್ಲ.

ಎರಡನೆಯದು ಕುಟ್ಟುವ ಯಂತ್ರ, ಜೈರೇಟರಿ ಕಾಂಪ್ಯಾಕ್ಟರ್. 150 ಮಿಲಿಮೀಟರಿನ ಅಚ್ಚು 1.25 ಡಿಗ್ರಿಯಷ್ಟು ವಾಲಿಕೊಂಡು ನಿಮಿಷಕ್ಕೆ 30 ಸುತ್ತು ಹೊಯ್ದಾಡುತ್ತದೆ. ಮೇಲಿನಿಂದ 600 ಕಿಲೋಪಾಸ್ಕಲ್ ಒತ್ತಡ. ಗಾಣ ಸುತ್ತಿದಂತೆ ಕಲ್ಲುಗಳು ಉಜ್ಜಿಕೊಂಡು ಒಳಗಿಳಿಯುತ್ತವೆ. ಟೆಕ್ಸಾಸ್‌ನಲ್ಲಿ 1939ರಲ್ಲೇ ಇದರ ಪೂರ್ವಜ ಇತ್ತು, ಫ್ರೆಂಚರು ಅದನ್ನು ಬೆಳೆಸಿದ್ದರು. ಹೆಚ್ಚುಗಾರಿಕೆ ಏನೆಂದರೆ ಪ್ರತಿ ಸುತ್ತಿಗೂ ಬಿಲ್ಲೆಯ ಎತ್ತರ ದಾಖಲಾಗುತ್ತದೆ. ಸುತ್ತಿಗೆಯಲ್ಲಿ ಕೊನೆಯ ಚಿತ್ರ ಮಾತ್ರ ಸಿಗುತ್ತಿತ್ತು, ಇಲ್ಲಿ ಇಡೀ ಕಥೆ ಸಿಗುತ್ತದೆ. ಡಿಸೈನ್ ಸುತ್ತು 100 ಎಂದಿಟ್ಟುಕೊಂಡರೆ, 8ನೆಯ ಸುತ್ತಿಗೇ ಮಿಶ್ರಣ ಗಾಳಿಯಿಲ್ಲದ ಸಾಂದ್ರತೆಯ 89 ಶೇಕಡಾ ದಾಟಿದರೆ ಅದು ತೀರಾ ಮೆದು, ರೋಲರಿನ ಕೆಳಗೇ ಜಾರುತ್ತದೆ. 100ಕ್ಕೆ 96 ಇರಬೇಕು, ಅಂದರೆ ಗಾಳಿ ಅದೇ 4. 160 ಸುತ್ತಾದರೂ 98 ದಾಟಬಾರದು.

ಇಷ್ಟು ಖರ್ಚು ಮಾಡಿಯೂ ಸೂಪರ್‌ಪೇವ್ ಎಡವಿದ್ದು ಎರಡು ಕಡೆ. ಮಿಶ್ರಣದ ಬಲ ಅಳೆಯಲು ಯೋಚಿಸಿದ್ದ ಪರೀಕ್ಷೆಗಳು ಎಷ್ಟು ಜಟಿಲವಾಗಿದ್ದವೆಂದರೆ ದಿನನಿತ್ಯದ ಬಳಕೆಗೆ ಬರಲೇ ಇಲ್ಲ. ಉಳಿದದ್ದು ಗಾತ್ರದ ಲೆಕ್ಕ ಮತ್ತು ನೀರಿಗೆ ತಾಳುವ ಒಂದು ಪರೀಕ್ಷೆ. ಕೆಟ್ಟ ಸ್ಟೆಬಿಲಿಟಿಯನ್ನು ಬಿಸಾಡಿದರು, ಅದರ ಜಾಗಕ್ಕೆ ಒಳ್ಳೆಯದೇನೂ ಬರಲಿಲ್ಲ. ಚಾಲಕರಿಲ್ಲದ ಲಾರಿಗಳನ್ನು ಸುತ್ತಿಸಿದ ನೆವಾಡಾದ ವೆಸ್‌ಟ್ರ್ಯಾಕ್ ಪರೀಕ್ಷಾ ಹಾದಿಯಲ್ಲಿ, ನಿಯಮದಂತೆಯೇ ಮಾಡಿದ್ದ ದಪ್ಪ ಜಲ್ಲಿಯ ಮಿಶ್ರಣಗಳು ನಿರೀಕ್ಷೆಗಿಂತ ಬಹಳ ಬೇಗ ಜಾಡು ಬಿದ್ದವು.

ಇನ್ನೊಂದು ಎಡವಟ್ಟು ಸುತ್ತುಗಳದು. ಹೆಚ್ಚು ಕುಟ್ಟಿದಷ್ಟೂ ಕಲ್ಲುಗಳು ಹತ್ತಿರ ಬರುತ್ತವೆ, ಸಂದಿ ಕುಗ್ಗುತ್ತದೆ, 4 ಶೇಕಡಾ ಗಾಳಿ ಉಳಿಸಿಕೊಳ್ಳಬೇಕಾದರೆ ಬಿಟುಮೆನ್ ಕಡಿಮೆ ಮಾಡಲೇಬೇಕು. ಜಾಡಿಗೆ ಹೆದರಿದವರು ಸುತ್ತು ಏರಿಸಿದರು. ಜಾಡು ನಿಂತಿತು, ಬಿರುಕು ಶುರುವಾಯಿತು. ರಸ್ತೆಯೂ ವರ್ಷಗಟ್ಟಲೆ ತುಳಿದರೂ ಲ್ಯಾಬಿನ ಸಾಂದ್ರತೆಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಹಲವು ರಾಜ್ಯಗಳು ಸುತ್ತುಗಳನ್ನು ಇಳಿಸಿದವು. ಇಂಡಿಯಾನಾದಲ್ಲಿ ಹುಟ್ಟಿದ ಸೂಪರ್‌ಪೇವ್ 5 ಎಂಬ ಕ್ರಮ ಇನ್ನೂ ಮುಂದೆ ಹೋಗಿ ಲ್ಯಾಬಿನಲ್ಲೂ 5 ಶೇಕಡಾ ಗಾಳಿ, ರೋಲರ್ ಮುಗಿಸಿದ ರಸ್ತೆಯಲ್ಲೂ ಅದೇ 5 ಇರಲಿ ಎಂದಿತು. ವಾಹನಗಳು ಬಂದು ಕೆಲಸ ಪೂರೈಸಲಿ ಎಂದು ಕಾಯುವುದೇ ಬೇಡ ಎನ್ನುವ ಈ ವಾದ ನನಗೆ ಬಹಳ ಇಷ್ಟ.

ಒಂದೇ ಜಲ್ಲಿ, ಒಂದೇ ಬಿಟುಮೆನ್ ಇಟ್ಟುಕೊಂಡು ಸುತ್ತಿಗೆಗೂ ಗಾಣಕ್ಕೂ ಕೊಟ್ಟರೆ ಯಾವುದು ಹೆಚ್ಚು ಬಿಟುಮೆನ್ ಕೇಳುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎಷ್ಟು ಪೆಟ್ಟು, ಎಷ್ಟು ಸುತ್ತು ಎಂದು ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ. 50 ಸುತ್ತಿನ ಸೂಪರ್‌ಪೇವ್‌ಗೂ 125 ಸುತ್ತಿನದಕ್ಕೂ ಇರುವ ಅಂತರ, ಸೂಪರ್‌ಪೇವ್‌ಗೂ ಮಾರ್ಷಲ್‌ಗೂ ಇರುವುದಕ್ಕಿಂತ ದೊಡ್ಡದಾಗಿರಬಹುದು.

ಈಚಿನ ದಾರಿ, ಬ್ಯಾಲೆನ್ಸ್ಡ್ ಮಿಕ್ಸ್ ಡಿಸೈನ್, ಗಾಳಿಯ ಲೆಕ್ಕವೊಂದನ್ನೇ ನಂಬಿ ಕೂರದೆ ನೇರವಾಗಿ ಕಾಯಿಲೆಯನ್ನೇ ಪರೀಕ್ಷಿಸುತ್ತದೆ. ಜಾಡಿಗೆ ಹ್ಯಾಂಬರ್ಗ್ ಪರೀಕ್ಷೆ: ಸಾಮಾನ್ಯವಾಗಿ 50 ಡಿಗ್ರಿ ನೀರಿನಲ್ಲಿ ಮುಳುಗಿದ ಬಿಲ್ಲೆಯ ಮೇಲೆ 705 ನ್ಯೂಟನ್ ಭಾರದ ಉಕ್ಕಿನ ಚಕ್ರ ಹಿಂದಕ್ಕೂ ಮುಂದಕ್ಕೂ 20,000 ಸಲ ಓಡುತ್ತದೆ, 12.5 ಮಿಲಿಮೀಟರ್ ತಗ್ಗು ಬೀಳುವ ಮುನ್ನ ಎಷ್ಟು ಸಲ ತಾಳಿತು ಎಂದು ನೋಡುತ್ತಾರೆ. ಬಿರುಕಿಗೆ ಬಿಲ್ಲೆಯನ್ನು 25 ಡಿಗ್ರಿಯಲ್ಲಿ ಅಡ್ಡ ಮಲಗಿಸಿ ಸೀಳಿ, ಸೀಳು ಶುರುವಾದ ಮೇಲೆ ಅದು ಎಷ್ಟು ಹೊತ್ತು ಜಗ್ಗಾಡಿತು ಎಂದು ಗ್ರಾಫಿನ ಇಳಿಜಾರಿನಿಂದ ಅಳೆಯುತ್ತಾರೆ. ಬಿಟುಮೆನ್ ಏರಿಸುತ್ತ ಹೋದಂತೆ ಬಿರುಕಿನ ಅಂಕ ಸುಧಾರಿಸುತ್ತದೆ, ಜಾಡಿನ ಅಂಕ ಕೆಡುತ್ತದೆ. ಎರಡೂ ಪಾಸಾಗುವ ಕಿಟಕಿಯೊಳಗೆ ಪ್ರಮಾಣ ಆರಿಸಬೇಕು; ಕಿಟಕಿಯೇ ಇಲ್ಲದಿದ್ದರೆ ಜಲ್ಲಿಯನ್ನೋ ಬಿಟುಮೆನ್ನನ್ನೋ ಬದಲಿಸಬೇಕು. ಫ್ರಾನ್ಸ್‌ನಲ್ಲಿ ಇಂಥದ್ದು ಮೊದಲಿನಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಇತ್ತು: ಗಾಣ ಮತ್ತು ನೀರು, ಆಮೇಲೆ ಜಾಡು, ಆಮೇಲೆ ಬಿಗುವು, ಕೊನೆಗೆ ದಣಿವು (ಮತ್ತೆ ಮತ್ತೆ ಭಾರ ಬಿದ್ದು ಸೋಲುವುದು), ರಸ್ತೆ ಮುಖ್ಯವಾದಷ್ಟೂ ಮೇಲಿನ ಮೆಟ್ಟಿಲು. ಹಳೆಯ ರಸ್ತೆ ಕಿತ್ತ ಪುಡಿ, ರಬ್ಬರು, ಪಾಲಿಮರ್ ಎಲ್ಲ ಮಿಶ್ರಣಕ್ಕೆ ಸೇರುತ್ತಿರುವ ಈ ಹೊತ್ತಿನಲ್ಲಿ ಬರೀ ಗಾತ್ರದ ಲೆಕ್ಕ ನಂಬಿ ಕೂರುವುದು ಕಷ್ಟ. ಹಳೆಯ ಪುಡಿಯಲ್ಲಿರುವ ಮುದಿ ಬಿಟುಮೆನ್ ತಕ್ಕಡಿಗೆ ಬಿಟುಮೆನ್ನೇ. ಅಂಟುತ್ತದೋ ಇಲ್ಲವೋ ತಕ್ಕಡಿಗೆ ತಿಳಿಯದು.

ಯಾವ ವಿಧಾನದ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಪೆಟ್ಟಿನ ಅಥವಾ ಸುತ್ತಿನ ಸಂಖ್ಯೆ, ಆಮೇಲೆ ಕಲ್ಲಿನ ಸಾಂದ್ರತೆ ಅಳೆದ ತಾರೀಕು, ಆಮೇಲೆ ಕುಟ್ಟುವ ಮುನ್ನ ಮಿಶ್ರಣವನ್ನು ಓವನ್ನಿನಲ್ಲಿ ಇಟ್ಟಿದ್ದರೇ ಎಂಬುದು. ಬಿಸಿಯಲ್ಲಿರುವಷ್ಟು ಹೊತ್ತೂ ಕಲ್ಲು ಬಿಟುಮೆನ್ ಕುಡಿಯುತ್ತಲೇ ಇರುತ್ತದೆ. ಕಲಸಿದ ಕೂಡಲೇ ಕುಟ್ಟಿದ ಬಿಲ್ಲೆಗೂ ಲಾರಿಯಲ್ಲಿ ಎರಡು ಗಂಟೆ ಪಯಣಿಸಿದ ಮಿಶ್ರಣಕ್ಕೂ ಗಾಳಿಯ ಲೆಕ್ಕ ತಾಳೆಯಾಗುವುದಿಲ್ಲ. ರಸ್ತೆ ಹಾಸಿದ ಮರುದಿನ ಕೊಳವೆ ಗರಗಸದಿಂದ ಕೊರೆದು ತೆಗೆದ ತುಂಡನ್ನೂ ಹೀಗೆಯೇ ಒಣಗಿಸಿ ಒಮ್ಮೆ, ನೀರಿನಲ್ಲಿ ಒಮ್ಮೆ, ಮೈ ಒರೆಸಿ ಒಮ್ಮೆ ತೂಗುತ್ತಾರೆ. ಅಲ್ಲಿ 11 ಶೇಕಡಾ ಗಾಳಿ ಬಂದರೆ ಡಿಸೈನ್ ವರದಿಯನ್ನು ಮುಚ್ಚಿಟ್ಟು ರೋಲರ್ ಓಡಿಸಿದವನನ್ನು ಕರೆಸಬೇಕು.